ಹನ್ನೊಂದನೆಯ ಆಳಿನ ಲೆಕ್ಕ

ಹತ್ತು ಆಳುಗಳಿಗೆ ದಿನಕ್ಕೆ ತಲಾ 300 ರೂಪಾಯಿ ಕೊಟ್ಟು ಕಳೆ ತೆಗೆಸುವ ದೊಡ್ಡ ಜಮೀನುದಾರರೊಬ್ಬರಿದ್ದಾರೆ ಎಂದುಕೊಳ್ಳಿ. ಆ ಊರಲ್ಲಿ ಕೂಲಿಗೆ ಕರೆಯುವವರು ಅವರೊಬ್ಬರೇ. ಇನ್ನೊಂದು ಆಳು ಬೇಕು. ಪಕ್ಕದ ಹಳ್ಳಿಯಿಂದ ಬರುವಾಕೆ 310ಕ್ಕೆ ಕಡಿಮೆ ಒಪ್ಪುವುದಿಲ್ಲ. ಆಕೆಗೆ ಅಷ್ಟು ಕೊಟ್ಟ ಸುದ್ದಿ ಸಂಜೆಯೊಳಗೆ ಉಳಿದವರ ಕಿವಿಗೆ ಬೀಳುತ್ತದೆ, ಅವರಿಗೂ ಹತ್ತತ್ತು ರೂಪಾಯಿ ಏರಿಸಲೇಬೇಕು. ಅಲ್ಲಿಗೆ ಹನ್ನೊಂದನೆಯ ಆಳಿಗೆ ತಗಲುವ ಖರ್ಚು 310 ಅಲ್ಲ, 410. ಆಕೆಯ ದುಡಿಮೆಯಿಂದ 380 ರೂಪಾಯಿ ಹುಟ್ಟುವಂತಿದ್ದರೂ ಜಮೀನುದಾರರು ಕರೆಯುವುದಿಲ್ಲ. ಕೂಲಿಯೂ ಏರಲಿಲ್ಲ, ಆಕೆಗೆ ಕೆಲಸವೂ ಸಿಗಲಿಲ್ಲ.

ಕೆಲಸ ಕೊಡುವವರ ಈ ಹಿಡಿತವನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ‘ಮೊನಾಪ್ಸನಿ’ ಎಂದು ಕರೆದು ವಿವರಿಸಿದರು. ಧಣಿ ಒಬ್ಬರೇ ಇರಬೇಕೆಂದೇನಿಲ್ಲ. ದೂರದ ಕೆಲಸಕ್ಕೆ ಬಸ್ಸಿಲ್ಲ, ಮನೆಯಲ್ಲಿ ಹಾಲುಗೂಸಿದೆ ಎಂದರೂ ಸಾಕು, ಕಾಲು ಕಟ್ಟಿದಂತೆಯೇ.

ಈಗ ಕನಿಷ್ಠ ಕೂಲಿ 310 ಎಂದು ಕಾನೂನು ಬಂತೆನ್ನಿ. ಹಳೆಯ ಹತ್ತು ಮಂದಿಗೆ ಹೇಗೂ 310 ಕೊಡಲೇಬೇಕು. ಹಾಗಾಗಿ ಹನ್ನೊಂದನೆಯಾಕೆಯ ಖರ್ಚು ಈಗ ಬರೀ 310. ಜಮೀನುದಾರರೇ ಆಕೆಯನ್ನು ಕರೆಸುತ್ತಾರೆ. ಕೂಲಿ, ಕೆಲಸ ಎರಡೂ ಏರಿದವು. ಮಿತಿ ಇಲ್ಲವೆಂದಲ್ಲ: ಕನಿಷ್ಠ ಕೂಲಿ 400 ಎಂದರೆ ಆಕೆಗೆ ಮತ್ತೆ ಮನೆಯೇ ಗತಿ.

ಈ ಲೆಕ್ಕ ನಿಜದಲ್ಲೂ ನಡೆಯುತ್ತದೆಯೇ? ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಮತ್ತು ನೆರೆಯ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ ನೋಡಿದರು. ವೇತನ ಏರಿದ ಕಡೆ ಕೆಲಸಗಳು ಕಡಿಮೆಯಾಗಿರಲಿಲ್ಲ. ಇದನ್ನು ಒಪ್ಪದ ಸಹೋದ್ಯೋಗಿಗಳು ಅವರ ಮೇಲೆ ಮುಗಿಬಿದ್ದರು, ವಾದ ವರ್ಷಗಟ್ಟಲೆ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ ಆಗ ಬದುಕಿರಲಿಲ್ಲ.

ನಮಗೆ ಹತ್ತಿರದ ಸಾಕ್ಷ್ಯ ಅವಿಭಜಿತ ಆಂಧ್ರದ್ದು. ಅಲ್ಲಿ ಉದ್ಯೋಗ ಖಾತ್ರಿಯ ಕೂಲಿ ಸೋರದೆ, ತಡವಾಗದೆ ಕೈಸೇರಲೆಂದು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ತಂದರು. ಯಾವ ಮಂಡಲಕ್ಕೆ ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಹೋಲಿಕೆ ಸುಲಭವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಲೆಕ್ಕ ಹಾಕಿದಾಗ ಬಡ ಕುಟುಂಬಗಳ ಗಳಿಕೆ ಶೇ 14ರಷ್ಟು ಏರಿತ್ತು. ಸೋಜಿಗವೆಂದರೆ, ಆ ಏರಿಕೆಯಲ್ಲಿ ಶೇ 86 ಭಾಗ ಬಂದದ್ದು ಯೋಜನೆಯ ದುಡ್ಡಿನಿಂದಲ್ಲ, ಹೊರಗಿನ ದುಡಿಮೆಯಿಂದ. ‘ಇಷ್ಟು ಕೊಡದಿದ್ದರೆ ಖಾತ್ರಿ ಕೆಲಸಕ್ಕೆ ಹೋಗುತ್ತೇನೆ’ ಎನ್ನುವ ಧೈರ್ಯ ಬಂದೊಡನೆ ಜಮೀನುದಾರರೂ ಕೂಲಿ ಏರಿಸಿದ್ದರು. ಖಾಸಗಿ ಕೆಲಸವೂ ಹೆಚ್ಚಿತ್ತು. ಅದರಲ್ಲೂ ಭೂಮಿ ಕೆಲವರ ಕೈಯಲ್ಲೇ ಇದ್ದ ಊರುಗಳಲ್ಲಿ ಜಾಸ್ತಿ.

ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ, ಆ ಊರಲ್ಲಿ ಕೆಲಸ ಕೊಡುವವರು ಎಷ್ಟು ಮಂದಿ ಎಂದು ಮೊದಲು ಕೇಳಿ.