ಡೆತ್ ಮೆಟಲ್: ಅಬ್ಬರದೊಳಗಿನ ಕಟ್ಟು

ಡೆತ್ ಮೆಟಲ್ ಎಂಬುದು ಹೆವಿ ಮೆಟಲ್ ಸಂಗೀತದ ಅತ್ಯಂತ ಉಗ್ರ ಕವಲುಗಳಲ್ಲಿ ಒಂದು. 1980ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪ್ರಕಾರ ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ವೀಡನ್, ಇಂಗ್ಲೆಂಡ್, ಬ್ರೆಜಿಲ್‌ಗಳ ಜೊತೆಗೆ ಬೆಂಗಳೂರಿನಲ್ಲೂ ಬೇರು ಬಿಟ್ಟಿತು. ಶ್ರುತಿ ಇಳಿಸಿದ ಗಿಟಾರ್, ಉಸಿರಿಗೂ ಬಿಡುವು ಕೊಡದ ಡ್ರಮ್ಸ್, ಗಂಟಲಾಳದ ಗರ್ಜನೆ, ಸಾವು–ಯುದ್ಧ–ಕೊಳೆತವನ್ನು ಕುರಿತ ಸಾಹಿತ್ಯ ಇದರ ಗುರುತು. ಮೊದಲ ಸಲ ಕೇಳಿದವರಿಗೆ ಇದು ಗದ್ದಲವೆನಿಸುವುದು ಸಹಜ. ಆದರೆ ಸಮಕಾಲೀನ ಜನಪ್ರಿಯ ಸಂಗೀತದಲ್ಲಿ ಇಷ್ಟು ಕಠಿಣ ಸಾಧನೆ ಬೇಡುವ ಪ್ರಕಾರಗಳು ಕಡಿಮೆ. ಒಂದೊಂದು ವಾದ್ಯ ಏನು ಮಾಡುತ್ತಿದೆ ಎಂದು ತಿಳಿದು ಕೇಳಿದರೆ ಗದ್ದಲದೊಳಗಿನ ಕಟ್ಟು ಕಿವಿಗೆ ಸಿಗತೊಡಗುತ್ತದೆ.

ಗಿಟಾರ್‌ನ ಅತಿ ದಪ್ಪ ತಂತಿ ಸಾಮಾನ್ಯ ಶ್ರುತಿಯಲ್ಲಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಡೆತ್ ಮೆಟಲ್ ವಾದಕರು ಅದನ್ನು ಎರಡರಿಂದ ಐದು ಅರೆಸ್ವರಗಳಷ್ಟು ಕೆಳಗಿಳಿಸುತ್ತಾರೆ. ಐದು ಇಳಿಸಿದರೆ ಕಂಪನ 62ರ ಹತ್ತಿರ ಬಂದು ನಿಲ್ಲುತ್ತದೆ. ಈ ಪದ್ಧತಿಯ ಮೂಲದಲ್ಲಿ ಒಂದು ಅಪಘಾತವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯ ಕೆಲಸದಲ್ಲಿದ್ದ ಟೋನಿ ಅಯೋಮಿ ಎಂಬ ಹುಡುಗ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡ. ಮುಂದೆ ಆತ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕನಾದಾಗ, ಒತ್ತಲು ಹಗುರವಾಗಲೆಂದು ತಂತಿಗಳನ್ನು ಸಡಿಲಿಸಿದ. ಆ ತಂಡದ 1971ರ ಆಲ್ಬಮ್‌ನಲ್ಲಿ ಕೇಳಿದ ಆ ಭಾರವಾದ ನಾದವೇ ಇಡೀ ಮೆಟಲ್ ಪರಂಪರೆಯ ಅಡಿಪಾಯವಾಯಿತು.

ಹೀಗೆ ಇಳಿಸಿದ ತಂತಿಯ ಮೇಲೆ ಡಿಸ್ಟಾರ್ಷನ್ ಪೆಡಲ್‌ನ ಒರಟುತನ ಕೂಡಿಸಿ ನುಡಿಸುವ ಚಿಕ್ಕ ಸ್ವರಗುಚ್ಛಕ್ಕೆ ರಿಫ್ ಎನ್ನುತ್ತಾರೆ. ಸಿನಿಮಾ ಹಾಡಿಗೆ ಪಲ್ಲವಿ–ಚರಣ ಇರುವಂತೆ ಡೆತ್ ಮೆಟಲ್‌ಗೆ ರಿಫ್‌ಗಳ ಸರಣಿ ಇರುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಎಂಟು–ಹತ್ತು ರಿಫ್‌ಗಳು ಒಂದರ ಬೆನ್ನಿಗೆ ಒಂದು ಬಂದು, ಮೊದಲನೆಯದು ಕೊನೆಗೆ ಮರಳದೆಯೂ ಇರಬಹುದು. ಕರ್ನಾಟಕ ಸಂಗೀತ ಬಲ್ಲವರಿಗೆ ಇದರ ಸ್ವರಸಂಬಂಧಗಳು ಹೊಸವಲ್ಲ: ಷಡ್ಜಕ್ಕೆ ಅಂಟಿ ನಿಲ್ಲುವ ಶುದ್ಧ ರಿಷಭ, ಷಡ್ಜದೆದುರು ನಿಲ್ಲುವ ಪ್ರತಿಮಧ್ಯಮ. ಕಿವಿಗೆ ನೆಮ್ಮದಿ ಕೊಡದ ಈ ಅಂತರಗಳನ್ನು ಆರಿಸಿ ಬಳಸುವುದರಿಂದಲೇ ಸಂಗೀತದುದ್ದಕ್ಕೂ ಬಿಗುವು ಉಳಿಯುತ್ತದೆ.

ಡ್ರಮ್ಸ್ ವಾದಕನ ಕೆಲಸ ಇನ್ನೂ ಕಷ್ಟದ್ದು. ಎರಡು ಕಾಲಿಗೂ ಒಂದೊಂದು ಪೆಡಲ್ ಇರುತ್ತದೆ. ನಿಮಿಷಕ್ಕೆ 200 ಬಡಿತಗಳ ಗತಿಯಲ್ಲಿ ಬಡಿತಕ್ಕೆ ನಾಲ್ಕರಂತೆ ಬಾಸ್ ಡ್ರಮ್ ನುಡಿಸಿದರೆ ಪಾದಗಳಿಂದ ಸೆಕೆಂಡಿಗೆ ಹದಿಮೂರು ಪೆಟ್ಟು ಬೀಳಬೇಕು, ಅದೂ ಒಂದೇ ಸಮನೆ. ಸ್ನೇರ್ ಮತ್ತು ಬಾಸ್ ಡ್ರಮ್‌ಗಳನ್ನು ಹೀಗೆ ಅತಿ ದ್ರುತದಲ್ಲಿ ಬಾರಿಸುವ ಕ್ರಮಕ್ಕೆ ಬ್ಲಾಸ್ಟ್ ಬೀಟ್ ಎಂದು ಹೆಸರು. ಅದು ಒಂದು ಹಂತ ಮೀರಿದಾಗ ಪೆಟ್ಟುಗಳು ಬೇರೆಬೇರೆಯಾಗಿ ಕೇಳದೆ ಒಂದು ಹರಹಾಗಿ ಕೇಳುತ್ತವೆ, ಅದರ ಮೇಲೆ ನಿಧಾನವಾದ ರಿಫ್ ತೇಲುತ್ತದೆ. ವೇಗ ಮತ್ತು ನಿಧಾನ ಒಟ್ಟಿಗೇ ಕೇಳಿಸುವ ಈ ಅನುಭವ ಪ್ರಕಾರದ ದೊಡ್ಡ ಸೊಗಸುಗಳಲ್ಲಿ ಒಂದು.

ಹೊಸಬರನ್ನು ಹಿಮ್ಮೆಟ್ಟಿಸುವುದು ಮಾತ್ರ ಗಾಯನ. ಗ್ರೌಲ್ ಎನ್ನುವ ಈ ಗರ್ಜನೆಯಲ್ಲಿ ಧ್ವನಿತಂತುಗಳ ಮೇಲ್ಗಡೆ ಇರುವ, ಮಾತನಾಡುವಾಗ ಬಳಕೆಯಾಗದ ಮಡಿಕೆಗಳೂ ಕಂಪಿಸುತ್ತವೆ. ಹೊಟ್ಟೆಯಿಂದ ಉಸಿರನ್ನು ಹದವಾಗಿ ನಿಯಂತ್ರಿಸಲು ಕಲಿಯದೆ ಕಿರುಚಿದರೆ ಗಂಟಲು ಕೆಡುತ್ತದೆ. ಯಕ್ಷಗಾನದ ಬಣ್ಣದ ವೇಷದ ಅಬ್ಬರ ಕೇಳಿದವರಿಗೆ ಇದರ ಉದ್ದೇಶ ಬೇಗ ತಿಳಿದೀತು: ತೆರೆಯ ಹಿಂದಿನಿಂದ ಬರುವ ಆ ಕೂಗಿನಲ್ಲಿ ಯಾರೂ ಶಬ್ದಾರ್ಥ ಹುಡುಕುವುದಿಲ್ಲ, ಬರುತ್ತಿರುವುದು ರಾಕ್ಷಸ ಎಂಬುದು ದನಿಯಿಂದಲೇ ಗೊತ್ತಾಗುತ್ತದೆ. ಡೆತ್ ಮೆಟಲ್‌ನಲ್ಲೂ ದನಿ ಮೊದಲು ವಾದ್ಯ, ಆಮೇಲೆ ಮಾತು. ಇದು ಗಂಡಸರ ಗಂಟಲಿಗಷ್ಟೇ ಒಲಿಯುವುದೆಂಬ ನಂಬಿಕೆಯನ್ನು 2000ದಲ್ಲಿ ಸ್ವೀಡನ್ನಿನ ಆರ್ಚ್ ಎನಿಮಿ ತಂಡ ಸೇರಿ ಹಾಡಿದ ಜರ್ಮನಿಯ ಏಂಜೆಲಾ ಗೊಸ್ಸೋ ಸುಳ್ಳಾಗಿಸಿದರು.

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಪೊಸೆಸ್ಡ್ ತಂಡದ ‘ಸೆವೆನ್ ಚರ್ಚಸ್’ (1985) ಈ ಪ್ರಕಾರದ ಹೊಸ್ತಿಲು; ಅದರ ಒಂದು ಹಾಡಿನ ಶೀರ್ಷಿಕೆಯೇ ‘ಡೆತ್ ಮೆಟಲ್’. ಎರಡು ವರ್ಷದ ನಂತರ ಬಂದ ಫ್ಲಾರಿಡಾದ ಡೆತ್ ತಂಡದ ‘ಸ್ಕ್ರೀಮ್ ಬ್ಲಡಿ ಗೋರ್’ ದಾರಿಯನ್ನು ಖಚಿತಪಡಿಸಿತು. ಡೆತ್‌ನ ನಾಯಕ ಚಕ್ ಶುಲ್ಡಿನರ್ ಹದಿಹರೆಯದಲ್ಲಿ ರಕ್ತಸಿಕ್ತ ಕಥೆಗಳಿಂದ ಆರಂಭಿಸಿ, ‘ಹ್ಯೂಮನ್’ (1991), ‘ಸಿಂಬಾಲಿಕ್’ (1995) ಹೊತ್ತಿಗೆ ಮನಸ್ಸು, ಸ್ಮೃತಿ, ನಂಬಿಕೆದ್ರೋಹಗಳ ಬಗ್ಗೆ ಬರೆಯುವಷ್ಟು ಬೆಳೆದರು. ಮಿದುಳಿನ ಗೆಡ್ಡೆಯಿಂದ 2001ರಲ್ಲಿ ತೀರಿಕೊಂಡಾಗ ಅವರಿಗೆ 34 ವರ್ಷ. ಒಂದು ಪ್ರಕಾರದ ಬಾಲ್ಯ, ಪ್ರೌಢಿಮೆ ಎರಡನ್ನೂ ಒಬ್ಬನೇ ವ್ಯಕ್ತಿಯ ಕೃತಿಗಳಲ್ಲಿ ಕೇಳಬಹುದಾದ ಉದಾಹರಣೆ ಅಪರೂಪ.

ಫ್ಲಾರಿಡಾದ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋ ಮತ್ತು ಅಲ್ಲಿನ ಸ್ಕಾಟ್ ಬರ್ನ್ಸ್ ಅವರ ಧ್ವನಿಮುದ್ರಣ ಕೌಶಲದಿಂದ ಮಾರ್ಬಿಡ್ ಏಂಜೆಲ್, ಒಬಿಚುವರಿ, ಡೀಸೈಡ್, ಕ್ಯಾನಿಬಾಲ್ ಕಾರ್ಪ್ಸ್ ತಂಡಗಳು ಲೋಕಕ್ಕೆ ಪರಿಚಿತವಾದವು. ಸ್ಟಾಕ್‌ಹೋಮ್‌ನ ತಂಡಗಳು ಬಾಸ್ ಕಂಪನಿಯ ಎಚ್‌ಎಂ–2 ಎಂಬ ಅಗ್ಗದ ಪೆಡಲ್‌ನ ಎಲ್ಲ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿ, ಗರಗಸದಂಥ ನಾದ ಹೊರಡಿಸಿದವು. ಎಂಟೂಂಬ್ಡ್‌ನ ‘ಲೆಫ್ಟ್ ಹ್ಯಾಂಡ್ ಪಾತ್’ (1990) ಅದರ ಮಾದರಿ. ಗಾಥೆನ್‌ಬರ್ಗ್‌ನವರು ಇದಕ್ಕೆ ಇಂಪಾದ ಗಿಟಾರ್ ಎಳೆಗಳನ್ನು ಬೆರೆಸಿದರೆ, ನ್ಯೂಯಾರ್ಕ್‌ನ ಸಫೊಕೇಷನ್ ತಾಂತ್ರಿಕ ಜಟಿಲತೆಯ ಕಡೆ ತಿರುಗಿತು.

ಸಾಹಿತ್ಯದ ವಿಷಯಕ್ಕೆ ಬಂದರೆ, ಹೆಣ, ರಕ್ತ, ನರಕಗಳ ವರ್ಣನೆ ಅನೇಕರಿಗೆ ಅಸಹ್ಯ. ಕೆಲವು ತಂಡಗಳ ಹಾಡುಗಳು, ಮುಖ್ಯವಾಗಿ ಹೆಣ್ಣಿನ ಮೇಲಿನ ಹಿಂಸೆಯನ್ನು ಚಿತ್ರಿಸುವವು, ಆಕ್ಷೇಪಕ್ಕೆ ನಿಜಕ್ಕೂ ಅರ್ಹ. ಆದರೆ ಭೀಕರವನ್ನು ಕಲೆಯಾಗಿಸುವುದು ಕನ್ನಡದ ಓದುಗರಿಗೆ ಅಪರಿಚಿತವಲ್ಲ. ರೌದ್ರ, ಭಯಾನಕ, ಬೀಭತ್ಸಗಳನ್ನು ಭರತ ರಸಗಳ ಸಾಲಿನಲ್ಲೇ ಇಟ್ಟಿದ್ದಾನೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ರಾಶಿಯ ನಡುವೆ ನಡೆಯುವ ಪ್ರಸಂಗವನ್ನು ಪಾಠವಾಗಿ ಓದಿದ ನಾಡು ಇದು. ಕೇಳುಗರ ಮನಸ್ಸಿನ ಬಗ್ಗೆಯೂ ಅಧ್ಯಯನ ನಡೆದಿದೆ. ಸಿಡ್ನಿಯ ಮಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂಸೆಯ ಚಿತ್ರಗಳಿಗೆ ಡೆತ್ ಮೆಟಲ್ ಅಭಿಮಾನಿಗಳ ಮನಸ್ಸು ಉಳಿದವರಷ್ಟೇ ತೀಕ್ಷ್ಣವಾಗಿ ಸ್ಪಂದಿಸಿತು; ಅವರ ಸಂವೇದನೆ ಜಡ್ಡುಗಟ್ಟಿದ ಲಕ್ಷಣ ಕಾಣಲಿಲ್ಲ.

ಈ ಸಂಗೀತ ಬೆಂಗಳೂರಿಗೆ ಬಂದದ್ದಕ್ಕೂ ಕಂಟೋನ್ಮೆಂಟ್‌ನ ಚರಿತ್ರೆಗೂ ನಂಟಿದೆ. 1809ರಲ್ಲಿ ಬ್ರಿಟಿಷ್ ಪಡೆಗಳು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ನೆಲೆಸಿದ ಮೇಲೆ ಹಲಸೂರಿನ ಕಡೆ ದಂಡು ಪ್ರದೇಶ ಬೆಳೆಯಿತು. ಪೇಟೆ ಬೇರೆ, ದಂಡು ಬೇರೆ ಎಂಬ ಸ್ಥಿತಿ 1949ರಲ್ಲಿ ಎರಡೂ ಒಂದೇ ನಗರಪಾಲಿಕೆಗೆ ಸೇರುವವರೆಗೆ ಇತ್ತು. ಸೈನ್ಯದ ಬ್ಯಾಂಡು, ಚರ್ಚಿನ ಗಾಯನವೃಂದ, ಫ್ರೇಜರ್ ಟೌನ್ ಮತ್ತು ಕಾಕ್ಸ್ ಟೌನ್‌ಗಳ ಆಂಗ್ಲೋ ಇಂಡಿಯನ್ ಮನೆಗಳ ಪಿಯಾನೊ, ಗಿಟಾರ್‌ಗಳಿಂದಾಗಿ ಪಾಶ್ಚಾತ್ಯ ಸಂಗೀತ ಇಲ್ಲಿ ಹೊರಗಿನದಾಗಿ ಉಳಿಯಲಿಲ್ಲ. ಬ್ರಿಗೇಡ್ ರಸ್ತೆಯ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೆಕೋಸ್ ಪಬ್ ರಾಕ್ ಕೇಳುಗರ ಅಡ್ಡೆಯಾಯಿತು. ಆಗ ಕ್ಯಾಸೆಟ್‌ಗಳ ಕಾಲ. ಒಬ್ಬರ ಬಳಿ ಬಂದ ಆಲ್ಬಮ್ ನಕಲಾಗಿ ಹತ್ತು ಕೈಗೆ ಹೋಗುತ್ತಿತ್ತು.

1990ರ ದಶಕದ ಮೊದಲ ವರ್ಷಗಳಲ್ಲೇ ಹುಟ್ಟಿದ ಡೈಯಿಂಗ್ ಎಂಬ್ರೇಸ್, ಡೆತ್ ಮೆಟಲ್‌ನ ಗರ್ಜನೆಗೆ ಡೂಮ್ ಎಂಬ ಇನ್ನೊಂದು ಮೆಟಲ್ ಕವಲಿನ ವಿಲಂಬ ಗತಿಯನ್ನು ಜೋಡಿಸಿದ ತಂಡ. ದೇಶದ ಈ ಬಗೆಯ ಹಿರಿಯ ತಂಡಗಳಲ್ಲಿ ಅದೂ ಒಂದು. ಬಳಿಕ ಮೈಂಡ್‌ಸ್ನೇರ್ ಬಂತು. ಯಾಸ್ಮಿನ್ ಕ್ಲೇರ್ ಎಂಬ ಮಹಿಳೆ ಅದರ ಡ್ರಮ್ಸ್ ನುಡಿಸುತ್ತಿದ್ದರು. ಗೋರಿಫೈಡ್ ಅತಿ ಒರಟಾದ ಶೈಲಿಗೆ ಹೆಸರಾಯಿತು. 2007ರಲ್ಲಿ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ನುಡಿಸಿದ ಮೇಲೆ ಮೆಟಲ್‌ಗೆ ಇಲ್ಲಿ ಎಷ್ಟು ಕೇಳುಗರಿದ್ದಾರೆಂಬುದು ಹೊರಜಗತ್ತಿಗೂ ತಿಳಿಯಿತು. 2011ರಲ್ಲಿ ನಗರದ ಎಕ್ಸೆಂಟ್ರಿಕ್ ಪೆಂಡುಲಮ್ ಸ್ಪರ್ಧೆ ಗೆದ್ದು ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಮರುವರ್ಷ ಬೆಂಗಳೂರ್ ಓಪನ್ ಏರ್ ಎಂಬ ವಾರ್ಷಿಕ ಮೆಟಲ್ ಉತ್ಸವ ಶುರುವಾಯಿತು.

ದೊಡ್ಡ ಮೈದಾನಗಳಿಗಿಂತ ಈ ಸಂಗೀತವನ್ನು ಬದುಕಿಸಿದ್ದು ಸಣ್ಣ ಸಭಾಂಗಣಗಳು. ಇಂದಿರಾನಗರದ ಕೈರಾ, ಆಮೇಲೆ ಹಮ್ಮಿಂಗ್ ಟ್ರೀ, ಕೆ.ಆರ್. ಪುರಂ ದಾಟಿದರೆ ವೈಟ್‌ಫೀಲ್ಡ್‌ನ ಕೌಂಟರ್ ಕಲ್ಚರ್ ಹೀಗೆ ನಗರದ ಪೂರ್ವಭಾಗ ಸ್ಥಳೀಯ ತಂಡಗಳಿಗೆ ವೇದಿಕೆ ಕೊಟ್ಟಿತು. ಅವುಗಳ ಆಯುಷ್ಯ ಮಾತ್ರ ಕಡಿಮೆ. ವಸತಿ ಬಡಾವಣೆಯ ನಡುವೆ ಇಂಥ ಜಾಗ ನಡೆಸುವುದು ಸುಲಭವಲ್ಲ, ನೆರೆಯವರ ನಿದ್ದೆಯ ದೂರೂ ನ್ಯಾಯವಾದದ್ದೇ. 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಪಬ್‌ಗಳಲ್ಲಿ ಲೈವ್ ಸಂಗೀತಕ್ಕೆ ಕಟ್ಟುನಿಟ್ಟು ಹೆಚ್ಚಿತು. ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು.

ಬೆಂಗಳೂರಿನ ತಂಡಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಹಾಡಿವೆ. ಕನ್ನಡ ಓದುಗರು ಹೆಸರು ನೆನಪಿಡಬೇಕಾದ ತಂಡ ‘ದ್ವೇಷ’. ಇದರ ಸಾಹಿತ್ಯ ಕನ್ನಡದ್ದು, ಶೈಲಿ 1990ರ ಆಸುಪಾಸಿನ ಹಳೆಯ ಡೆತ್ ಮೆಟಲ್‌ನದು. 2014ರಲ್ಲಿ ಇದರ ‘ಸ್ತೂಪ’ ಆಲ್ಬಮ್ಮನ್ನು ಜರ್ಮನಿಯ ಒಂದು ಸಂಸ್ಥೆ ಹೊರತಂದಿತು. ‘ಹೊಯ್! ಸಳ’, ‘ಉಗ್ರ ನರಸಿಂಹ’ ಅದರಲ್ಲಿರುವ ಹಾಡುಗಳು. ಗುರುವಿನ ಕೂಗಿಗೆ ಹುಲಿಯ ಮೇಲೆರಗಿದ ಸಳನ ಐತಿಹ್ಯ, ಕಂಬ ಒಡೆದು ಬಂದು ಕರುಳು ಬಗೆದ ದೇವರು ಇವೆರಡೂ ಈ ನಾದಕ್ಕೆ ಎರವಲು ತಂದ ವಸ್ತುಗಳಲ್ಲ, ಹೇಳಿಮಾಡಿಸಿದ ವಸ್ತುಗಳು. ಮಹಾಪ್ರಾಣ, ಒತ್ತಕ್ಷರಗಳು ಗರ್ಜನೆಯಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತವೆ ಎಂಬುದಕ್ಕೂ ಇದು ಸಾಕ್ಷಿ. ಈ ಆಲ್ಬಮ್‌ಗೆ ಕನ್ನಡ ಸಾಂಸ್ಕೃತಿಕ ವಲಯದಲ್ಲಿ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ.

ಹೊಸದಾಗಿ ಕೇಳುವವರು ಅತಿ ವೇಗದ ತಂಡಗಳಿಂದ ಶುರುಮಾಡಬಾರದು. ಮಧ್ಯಮ ಗತಿಯ ಒಬಿಚುವರಿ ಅಥವಾ ಯುದ್ಧವನ್ನೇ ವಸ್ತುವಾಗಿಸಿಕೊಂಡ ಇಂಗ್ಲೆಂಡಿನ ಬೋಲ್ಟ್ ಥ್ರೋವರ್ ಒಳ್ಳೆಯ ಪ್ರವೇಶ. ಇಂಪು ಬೇಕೆನ್ನುವವರಿಗೆ ಅಟ್ ದ ಗೇಟ್ಸ್‌ನ ‘ಸ್ಲಾಟರ್ ಆಫ್ ದ ಸೋಲ್’ (1995), ನಂತರ ಡೆತ್‌ನ ‘ಸಿಂಬಾಲಿಕ್’. ಮೊದಲ ಸಲ ದನಿಯನ್ನು ಬದಿಗಿಟ್ಟು ಗಿಟಾರ್ ಮಾತ್ರ ಹಿಂಬಾಲಿಸುವುದು, ಎರಡನೆಯ ಸಲ ಡ್ರಮ್ಸ್, ಮೂರನೆಯ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳುವುದು ಉಪಯುಕ್ತ. ಸಫೊಕೇಷನ್, ಮಾರ್ಬಿಡ್ ಏಂಜೆಲ್‌ಗಳ ಸರದಿ ಆಮೇಲೆ.

ಗಿಗ್‌ಗೆ, ಅಂದರೆ ನೇರ ಕಛೇರಿಗೆ, ಹೋಗುವವರು ಇಯರ್‌ಪ್ಲಗ್ ಒಯ್ಯಲೇಬೇಕು. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಾಳಬಲ್ಲ ಕಿವಿಗೆ 100 ಡೆಸಿಬಲ್‌ನಲ್ಲಿ ಸುರಕ್ಷಿತ ಅವಧಿ ಕಾಲು ಗಂಟೆ ಮಾತ್ರ. ವೇದಿಕೆಯ ಮುಂದೆ ಒಬ್ಬರನ್ನೊಬ್ಬರು ತಳ್ಳಾಡುವ ಗುಂಪಿಗೆ ಮಾಷ್ ಪಿಟ್ ಎನ್ನುತ್ತಾರೆ. ಅದಕ್ಕೆ ಬರೆಯದ ಕಟ್ಟಳೆಗಳಿವೆ: ಬಿದ್ದವರನ್ನು ತಕ್ಷಣ ಎತ್ತಬೇಕು, ಬೇಡವೆಂದು ಅಂಚಿನಲ್ಲಿ ನಿಂತವರನ್ನು ಎಳೆಯಬಾರದು. ಕಾರ್ಯಕ್ರಮ ಮುಗಿದ ಮೇಲೆ ತಂಡದವರು ಸಿ.ಡಿ., ಟೀ ಶರ್ಟ್‌ಗಳನ್ನು ಮೇಜಿನ ಮೇಲೆ ಹರಡಿ ಕುಳಿತಿರುತ್ತಾರೆ. ಟಿಕೆಟ್ಟಿನ ಹಣಕ್ಕಿಂತ ಅಲ್ಲಿ ಕೊಂಡ ಒಂದು ಆಲ್ಬಮ್ಮಿನ ಹಣ ಮುಂದಿನ ಧ್ವನಿಮುದ್ರಣಕ್ಕೆ ನೇರವಾಗಿ ಒದಗುತ್ತದೆ.