ಮಂದ ಮಾರುಕಟ್ಟೆಯಲ್ಲಿ ಡೇಟಾಬೇಸ್ ಗುತ್ತಿಗೆಯ ಕೆಲಸ

ಮಾಹಿತಿಯನ್ನು ಕೋಷ್ಟಕಗಳಲ್ಲಿ ಕ್ರಮಗೊಳಿಸಿಟ್ಟು, ಬೇಕಾದಾಗ ಬೇಕಾದಷ್ಟನ್ನು ತಪ್ಪಿಲ್ಲದೆ ಹೊರತೆಗೆದುಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಆ ಕೋಷ್ಟಕಗಳನ್ನೂ ಅವನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ವಾಕ್ಯಗಳನ್ನೂ ರಚಿಸುವವರು ಡೇಟಾಬೇಸ್ ಡೆವಲಪರುಗಳು. ಇವರು ಖಾಯಂ ನೌಕರಿಯ ಹಂಗಿಲ್ಲದೆ ಗೊತ್ತಾದ ಅವಧಿಗೆ ದುಡಿಯುವ ಗುತ್ತಿಗೆಗೆ ಬೆಂಗಳೂರಿನಲ್ಲಿ ಮುಖ್ಯವಾಗಿ ಮೂರು ರೂಪಗಳುಂಟು: ವೆಂಡರ್ ಕಂಪನಿಯ ಪೇರೋಲಿನಲ್ಲಿದ್ದು ಕ್ಲೈಂಟಿಗೆ ದುಡಿಯುವುದು, ಕೆಲವು ತಿಂಗಳ ಬಳಿಕ ಖಾಯಂ ಆಗುವ ಸಾಧ್ಯತೆಯುಳ್ಳ ಕಾಂಟ್ರ್ಯಾಕ್ಟ್ ಟು ಹೈರ್, ತಾನೇ ಇನ್‌ವಾಯ್ಸ್ ಕಳುಹಿಸಿ ಹಣ ಪಡೆಯುವ ಫ್ರೀಲಾನ್ಸ್. ವ್ಯಾಖ್ಯೆಗಳು ಇಷ್ಟು ಸಾಕು.

ಮಾರುಕಟ್ಟೆ ಮಂದವಾಯಿತೆಂದರೆ ಕೆಲಸವೇ ಬತ್ತಿತೆಂದು ಭಾವಿಸುವುದು ಹೊಸಬರು ಎಡವುವ ಮೊದಲ ಸ್ಥಳ. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚಿನಿಂದ ಬಡ್ಡಿಯ ದರವನ್ನು ಏರಿಸುತ್ತ ಹೋಗಿ, 2023ರ ಜುಲೈ ವೇಳೆಗೆ ಶೇಕಡ 5.25–5.50ರ ಮಟ್ಟಕ್ಕೆ ತಂದಾಗ, ಅಗ್ಗದ ಹಣವನ್ನು ನೆಚ್ಚಿಕೊಂಡಿದ್ದ ಅನೇಕ ಯೋಜನೆಗಳು ಸ್ಥಗಿತಗೊಂಡು, ಆ ದೇಶದ ಸಂಸ್ಥೆಗಳಿಗಾಗಿ ದುಡಿಯುವ ಬೆಂಗಳೂರಿನ ನೇಮಕಗಳಿಗೂ ಅದರ ಬಿಸಿ ತಟ್ಟಿತು. ಆದರೆ ಸ್ಥಗಿತಗೊಂಡದ್ದು ಬಹುಪಾಲು ಲಾಭದ ಆಸೆಯಿಂದ ಆರಂಭಿಸುವ ಕೆಲಸ. ಬಿಟ್ಟರೆ ನಷ್ಟ ತಪ್ಪದೆಂಬ ಅನಿವಾರ್ಯದಿಂದ ಮಾಡಿಸುವ ಕೆಲಸ ಬೇರೆಯೇ ಜಾತಿಯದು. ಕೈಯಲ್ಲಿ ಹಣವಿಲ್ಲದ ವರ್ಷ ಹೊಸ ಮನೆ ಕಟ್ಟಿಸುವುದನ್ನು ಮುಂದಕ್ಕೆ ಹಾಕುವ ಗೃಹಸ್ಥನೇ ಮಳೆಗಾಲಕ್ಕೆ ಮುನ್ನ ಒಡೆದ ಹೆಂಚನ್ನು ಬದಲಿಸದೆ ಬಿಡಲಾರನಷ್ಟೆ.

ಈ ಅನಿವಾರ್ಯದ ಮೊದಲ ಮೂಲ ಕ್ಯಾಲೆಂಡರ್. ಪ್ರಮುಖ ಡೇಟಾಬೇಸ್ ತಂತ್ರಾಂಶಗಳ ಪ್ರತಿಯೊಂದು ಆವೃತ್ತಿಗೂ ಅದರ ನಿರ್ಮಾಪಕರು ಸಾಮಾನ್ಯವಾಗಿ ಆಯುರ್ಮಾನವನ್ನು ಗೊತ್ತುಪಡಿಸಿರುತ್ತಾರೆ. ಅದು ತೀರಿದ ಮೇಲೆ ಭದ್ರತೆಯ ತಿದ್ದುಪಡಿಗಳು ಸಹಜವಾಗಿ ದೊರೆಯವು. ಮೈಎಸ್‌ಕ್ಯೂಎಲ್ 5.7ರ ಆಯುಷ್ಯ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಎಸ್‌ಕ್ಯೂಎಲ್ ಸರ್ವರ್ 2014ರದು 2024ರ ಜುಲೈ 9ರಂದು. ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ ಗೊತ್ತಾದ ದಿನ 2026ರ ಜುಲೈ 14. ಪೋಸ್ಟ್‌ಗ್ರೆಸ್‌ನ ಪ್ರತಿ ಮುಖ್ಯ ಆವೃತ್ತಿಗೂ 5 ವರ್ಷ. ಈ ದಿನಾಂಕಗಳಿಗೆ ಮಾರುಕಟ್ಟೆಯ ಏರಿಳಿತದ ಪರಿವೆಯೇ ಇಲ್ಲ. ಖಾಯಂ ನೇಮಕಕ್ಕೆ ತಡೆಯಿರುವ ಕಾಲದಲ್ಲಿಯೂ ಆವೃತ್ತಿ ಬದಲಾವಣೆಗೆಂದು ಆರು ತಿಂಗಳ ಯೋಜನಾವೆಚ್ಚ ಮಂಜೂರಾಗುವುದು ಆದುದರಿಂದಲೇ; ಹಳೆಯ ಆವೃತ್ತಿಯಿಂದ ಹೊಸದಕ್ಕೆ ದಾಟಿಸುವ ವಿದ್ಯೆಯನ್ನು ಬಲ್ಲವನು ಯಾವ ಸಂಸ್ಥೆಗೆ ಎಂದು ತನ್ನ ಅವಶ್ಯಕತೆ ಬೀಳುವುದೆಂಬುದನ್ನು ಮುಂಚಿತವಾಗಿಯೇ ಊಹಿಸಬಲ್ಲನು.

ಎರಡನೆಯ ಮೂಲ ಕ್ಲೌಡ್ ಬಿಲ್ಲು. ಇಲ್ಲಿ ನನಗೆ ಬಹು ಪ್ರಿಯವಾದ ಒಂದು ಸೂಕ್ಷ್ಮವನ್ನು ಹೇಳದೆ ಮುಂದುವರಿಯಲಾರೆ. ಕೋಟಿ ಸಾಲುಗಳ ಕೋಷ್ಟಕವೊಂದರಲ್ಲಿ ದಿನಾಂಕದ ಅಂಕಣಕ್ಕೆ ಇಂಡೆಕ್ಸ್ ಇದೆಯೆನ್ನಿ. ಪ್ರಶ್ನೆಯನ್ನು ಬರೆಯುವವನು 'ಇಂಥ ವರ್ಷದ ಮೊದಲ ದಿನದಿಂದ ಕೊನೆಯ ದಿನದವರೆಗೆ' ಎಂದು ಕೇಳಿದರೆ, ಇಂಡೆಕ್ಸ್ ದಿನಾಂಕಗಳ ಅನುಕ್ರಮದಲ್ಲಿರುವುದರಿಂದ ಯಂತ್ರವು ಬೇಕಾದ ತಾಣಕ್ಕೆ ನೇರವಾಗಿ ಹೋಗಿ ಬೇಕಾದ ಸಾಲುಗಳನ್ನಷ್ಟೇ ಓದುತ್ತದೆ. ಅದೇ ಅಂಕಣವನ್ನು ವರ್ಷ ತೆಗೆಯುವ ಫಂಕ್ಷನ್ನಿನೊಳಗೆ ಸುತ್ತಿ 'ಇದರ ವರ್ಷ ಇಂತಿಷ್ಟಿರಲಿ' ಎಂದು ಕೇಳಿದರೆ, ಇಂಡೆಕ್ಸಿನಲ್ಲಿರುವುದು ದಿನಾಂಕವೇ ಹೊರತು ಫಂಕ್ಷನ್ನಿನ ಫಲವಲ್ಲವಾದ್ದರಿಂದ, ಯಂತ್ರವು ಸಾಮಾನ್ಯವಾಗಿ ಕೋಟಿ ಸಾಲುಗಳನ್ನೂ ಒಂದೊಂದಾಗಿ ಲೆಕ್ಕಹಾಕತೊಡಗುತ್ತದೆ. ಉತ್ತರ ಎರಡರಲ್ಲಿಯೂ ಒಂದೇ. ಶ್ರಮದಲ್ಲಿ ಮಾತ್ರ ಅಜಗಜಾಂತರ! ಸ್ವಂತ ಸರ್ವರಿನ ಕಾಲದಲ್ಲಿ ಈ ವ್ಯರ್ಥಶ್ರಮ ಬರಿಯ ವಿಳಂಬವಾಗಿ ತೋರುತ್ತಿತ್ತು. ಬಳಸಿದಷ್ಟಕ್ಕೆ ಬೆಲೆ ಕೊಡುವ ಕ್ಲೌಡಿನಲ್ಲಿ ಅದು ತಿಂಗಳ ಬಿಲ್ಲಿನ ಅಂಕಿಯಾಗಿ ಹಣಕಾಸಿನ ಅಧಿಕಾರಿಯ ಕಣ್ಣಿಗೇ ಬೀಳುತ್ತದೆ. ಕೆಲಸವನ್ನರಸುವವನು ರೆಸ್ಯೂಮಿನಲ್ಲಿ 'ಹತ್ತು ವರ್ಷದ ಅನುಭವ' ಎಂದು ಬರೆಯುವುದಕ್ಕಿಂತ, ಯಾವ ಪ್ರಶ್ನೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಏನನ್ನು ತಿದ್ದಿದ ಮೇಲೆ ಎಷ್ಟಕ್ಕಿಳಿಯಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯುವುದು ಉಚಿತ.

ಜಾಹೀರಾತುಗಳ ಸಂಖ್ಯೆಯನ್ನು ಕಂಡು ಭ್ರಮೆಗೊಳ್ಳಬಾರದು. ಒಂದು ಕ್ಲೈಂಟಿನ ಒಂದೇ ಹುದ್ದೆ ಹಲವು ವೆಂಡರುಗಳ, ಅವರ ಕೆಳಗಿನ ಉಪವೆಂಡರುಗಳ ಕೈಗೆ ಹೋಗಿ, ಕ್ಲೈಂಟಿನ ಹೆಸರಿಲ್ಲದ ಅನೇಕ ಪ್ರಕಟಣೆಗಳಾಗಿ ಹೊರಬರುವುದುಂಟು. ಒಂದೇ ರೆಸ್ಯೂಮ್ ಇಬ್ಬರ ಮೂಲಕ ಬಂದಿತೆಂದರೆ, ಕಮಿಷನ್ನಿನ ತಕರಾರಿಗೆ ಅಂಜಿ ಅಭ್ಯರ್ಥಿಯನ್ನೇ ಬದಿಗಿಡುವ ಕ್ಲೈಂಟುಗಳಿದ್ದಾರೆ. ಆದುದರಿಂದ ಕ್ಲೈಂಟಿನ ಹೆಸರನ್ನು ತಿಳಿಯದೆ ಯಾರಿಗೂ ರೆಸ್ಯೂಮನ್ನು ಮುಂದಕ್ಕೆ ಕಳುಹಿಸಲು ಒಪ್ಪಿಗೆ ನೀಡಬಾರದು. ನೀಡಿದ ಒಪ್ಪಿಗೆಯನ್ನು ಮೇಲ್‌ನಲ್ಲಿ ಬರೆದಿಡತಕ್ಕದ್ದು. ತಾನೇ ಇನ್‌ವಾಯ್ಸ್ ಬರೆಯುವವರು ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಲಿ: 2006ರ ಎಂಎಸ್‌ಎಂಇ ಕಾಯಿದೆಯಂತೆ ಕಿರು ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲತಕ್ಕ ಹಣಕ್ಕೆ ಒಪ್ಪಂದದ ಗಡುವು 45 ದಿನಗಳನ್ನು ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯುಂಟು.

ಒಟ್ಟಿನಲ್ಲಿ, ಮಂದಕಾಲದಲ್ಲಿ ಅರಸಬೇಕಾದುದು ಗಡುವುಳ್ಳ ಕೆಲಸವನ್ನು ಮತ್ತು ಖರ್ಚು ಇಳಿಸುವ ಕೆಲಸವನ್ನು. ಎರಡಕ್ಕೂ ಬೇಕಾದುದು ಒಂದೇ ಆಳವಾದ ವಿದ್ಯೆ. ಆ ವಿದ್ಯೆಯ ಬೇರು ಇರುವುದು ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ 11 ಪುಟಗಳ ಪ್ರಬಂಧದಲ್ಲಿ. ಆಮೇಲೆ ಬಂದ ತಂತ್ರಾಂಶಗಳು ಎಷ್ಟೋ ಆವೃತ್ತಿಗಳನ್ನು ಕಳಚಿಕೊಂಡರೂ, ಮಾಹಿತಿಯನ್ನು ಕೋಷ್ಟಕಗಳಾಗಿ ಕಾಣುವ ವಿಧಾನಕ್ಕೆ ಅವರು ಹಾಕಿದ ತಳಹದಿ ಇಂದಿಗೂ ಭದ್ರವಾಗಿದೆ. ಕೆಲಸವಿಲ್ಲದೆ ಬಿಡುವಾದ ತಿಂಗಳುಗಳಲ್ಲಿ ಆ ಪ್ರಬಂಧವನ್ನು ಓದಿರೆಂದು ನನ್ನ ಪ್ರಾರ್ಥನೆ. ಪೋಸ್ಟ್‌ಗ್ರೆಸ್ ಉಚಿತವಾಗಿ ದೊರೆಯುತ್ತದೆ. ಲಕ್ಷ ಸಾಲುಗಳ ಕೋಷ್ಟಕವೊಂದನ್ನು ಅದರಲ್ಲಿ ತುಂಬಿ, ನೀವು ಬರೆದ ಪ್ರಶ್ನೆಯ ಮುಂದೆ ಎಕ್ಸ್‌ಪ್ಲೇನ್ ಎಂಬ ಆಜ್ಞೆಯನ್ನಿಟ್ಟು, ಯಂತ್ರವು ಯಾವ ಹಾದಿಯನ್ನು ಆರಿಸಿತು, ಏತಕ್ಕಾಗಿ ಆರಿಸಿತು ಎಂಬುದು ಮನವರಿಕೆಯಾಗುವವರೆಗೂ ಬಿಡದೆ ಪರೀಕ್ಷಿಸಿರಿ.