ಕೊರಳಿಗೆ ಬಂದ ಹೊಲ

ಕೊಲ್ಹಾಪುರಿ ಸಾಜ ಎಂಬ ಕೊರಳ ಸರವನ್ನು ಅಂಗೈ ಮೇಲೆ ಹರಡಿಕೊಂಡು ಒಂದೊಂದೇ ಪದಕ ನೋಡಬೇಕು. ಮೀನು, ಆಮೆ, ನಾಗ, ಶಂಖ, ಕಮಲ, ಬಿಲ್ವದ ಎಲೆ, ಚಂದ್ರ. ಅವುಗಳ ಸಾಲಿನಲ್ಲೇ ಮೈಯೆಲ್ಲ ಗಂಟುಗಂಟಾದ ಹಾಗಲಕಾಯಿ, ಒಂದು ದುಂಬಿ. ಪೂರ್ತಿ ಸಾಜಿಗೆ 21 ಪದಕ ಎನ್ನುವುದು ಹಳೆಯ ಲೆಕ್ಕ: ಹತ್ತು ವಿಷ್ಣುವಿನ ಅವತಾರಗಳಿಗೆ, ಎಂಟು ಅಷ್ಟಮಂಗಲಕ್ಕೆ, ಎರಡು ಮಾಣಿಕ್ಯ ಮತ್ತು ಪಚ್ಚೆಗೆ, ಕೊನೆಯದು ತಾಯತಕ್ಕೆ. ಈಗ ಬಹಳ ಜನ ಹತ್ತು ಹನ್ನೆರಡಕ್ಕೇ ಮುಗಿಸುತ್ತಾರೆ. ದೇವರ ಸಾಲಿನಲ್ಲಿ ಹಿತ್ತಲ ಹಾಗಲಕಾಯಿಗೂ ಜಾಗ ಮಾಡಿಕೊಟ್ಟ ಆ ಕೈಯ ಮೇಲೆ ನನಗೆ ತುಂಬ ಗೌರವ.

ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಗೆ ಈ ಒಡವೆ ಹೊರಗಿನದಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಕಾಶೆಯಲ್ಲಿ ಗೆರೆ ಬಿತ್ತು, ಒಡವೆಯ ಪೆಟ್ಟಿಗೆಯಲ್ಲಿ ಬೀಳಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕನ್ನಡ ಮನೆಗಳಲ್ಲೂ ಸಾಜ, ಠುಸಿ, ಪುತಳಿ ಸರ, ಬೋರಮಾಳ ಅದೇ ಹೆಸರಿನಲ್ಲಿ ಉಳಿದವು. ಮಗಳ ಮದುವೆ ಗೊತ್ತಾದರೆ ಊರ ಪತ್ತಾರನಿಗೆ ಹೇಳುವುದು, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಕೊಲ್ಹಾಪುರದಲ್ಲಿ ಒಡವೆ ಅಂಗಡಿಗಳಿರುವ ಗುಜರಿ ಓಣಿಗೆ ಹೋಗಿಬರುವುದು.

ಆ ಪತ್ತಾರ ಹೊಲದ ಅಂಚಿನಲ್ಲೇ ಬದುಕಿದವನು. ಅವನ ಕೂಲಿ ಸುಗ್ಗಿಯ ಮೇಲೆ ನಿಂತಿತ್ತು, ಕಣ್ಣೂ ಅಲ್ಲೇ ಇತ್ತು. ಸಾಜಿನ ಪದಕಗಳ ನಡುವೆ ಪೋಣಿಸುವ ಜವಮಣಿಗೆ ಜವೆಗೋಧಿಯ ಕಾಳಿನ ಆಕಾರ. ಜೋಂಧಳಿ ಪೋತ ಎಂಬ ಸರದ ಗುಂಡುಗಳಿಗೆ ಜೋಳದ ಕಾಳಿನದು. ತೂಗುವ ಬಟ್ಟು ಕೂಡ ಬೇಲಿಯ ಬಳ್ಳಿಯಿಂದ ಬಂದ ಗುಲಗಂಜಿ: ಅಂಥ 96 ಸೇರಿದರೆ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಮಾಡಿ ಮುಗಿದ ಒಡವೆಯನ್ನು ತೊಳೆಯುವುದು ಅಂಟವಾಳಕಾಯಿಯ ನೀರಿನಲ್ಲಿ.

ಬೋರಮಾಳದ ವಿಷಯ ಇನ್ನೂ ಸೊಗಸು. ಬೋರೆಹಣ್ಣನ್ನು ನೋಡಿ ಮಾಡಿದ ಮಣಿ ಅದು. ಬಂಗಾರವನ್ನು ಕಾಗದದಷ್ಟು ತೆಳ್ಳಗೆ ಬಡಿದು, ಅಚ್ಚಿನ ಕುಳಿಯಲ್ಲಿ ಒತ್ತಿ, ಎರಡು ಅರ್ಧಗಳನ್ನು ತೆಗೆಯುತ್ತಾರೆ. ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಉರಿ ಊದಿ ಬೆಸೆಯುತ್ತಾರೆ. ಒಳಗೆ ಪೊಳ್ಳು ಬಿಟ್ಟರೆ ಮಣಿ ನಗ್ಗುತ್ತದೆ, ಅದಕ್ಕೇ ಅರಗು ತುಂಬುತ್ತಾರೆ. ಕಡಿಮೆ ಬಂಗಾರದಲ್ಲಿ ತುಂಬಿದ ಕೊರಳು: ಒಂದು ಸುಗ್ಗಿ ಕೈಹಿಡಿದರೆ ಸಣ್ಣ ರೈತನ ಮನೆಗೂ ಒಂದು ಸರ ಬರುತ್ತಿತ್ತು. ಆ ಅರಗು ಎಲ್ಲಿಯದು? ಅರಗಿನ ಹುಳ ಗೂಡು ಕಟ್ಟುವ ಮರಗಳಲ್ಲಿ ಮುತ್ತುಗದ ಜೊತೆಗೆ ಬೋರೆಯೂ ಒಂದು. ಬೋರೆಹಣ್ಣಿನಂಥ ಮಣಿಯ ಹೊಟ್ಟೆಯಲ್ಲಿ ಬೋರೆಗಿಡದ ರಸ ಹೀರುವ ಹುಳವೇ ಕೊಟ್ಟಿರಬಹುದಾದ ಅರಗು! ಮಣಿ ಸಿದ್ಧವಾದ ಮೇಲೆ ರೇಷ್ಮೆದಾರದಲ್ಲಿ ಪೋಣಿಸಿ ಗೊಂಡೆ ಕಟ್ಟಿಕೊಡುವವರು ಪಟವೇಗಾರರು. ಅವರ ಕೈಗಂಟು ಇಲ್ಲದೆ ಸರ ಕೊರಳಲ್ಲಿ ಸರಿಯಾಗಿ ಕೂರುವುದಿಲ್ಲ.

ಹೀಗೆಯೇ ಗಿಡ, ಹುಳ ನೋಡಿ ಒಡವೆ ಮಾಡಿದ ಪ್ಯಾರಿಸ್ಸಿನ ರೆನೆ ಲಾಲಿಕ್ 1900ರ ಜಾಗತಿಕ ಪ್ರದರ್ಶನದಲ್ಲಿ ಏರೋಪ್ಲೇನ್ ಚಿಟ್ಟೆ, ಹೂವು, ಎಲೆಗಳ ಒಡವೆ ಇಟ್ಟು ಲೋಕಪ್ರಸಿದ್ಧನಾದ. ಅವನ ಏರೋಪ್ಲೇನ್ ಚಿಟ್ಟೆಯ ಒಡವೆ ಇಂದು ಲಿಸ್ಬನ್ನಿನ ಮ್ಯೂಸಿಯಂನಲ್ಲಿದೆ, ಕೆಳಗೆ ಹೆಸರಿದೆ. ನಮ್ಮ ದುಂಬಿ ಕಳೆ ಕೀಳುವ ಹೆಂಗಸಿನ ಬೆವರಿನಲ್ಲಿ ಸವೆದು, ಕಷ್ಟಕಾಲದಲ್ಲಿ ಒತ್ತೆಗೆ ಹೋಗಿ, ಕೊನೆಗೆ ಮೂಸೆಯಲ್ಲಿ ಕರಗಿ ಮೊಮ್ಮಗಳ ಬಳೆಯಾಯಿತು. ಪತ್ತಾರ ತನ್ನ ಕೆಲಸದ ಮೇಲೆ ಹೆಸರು ಕೆತ್ತಲಿಲ್ಲ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ನನಗೆ ಯಾವ ಸಂಕೋಚವೂ ಇಲ್ಲ.

ಕಸುಬಿಗೆ ಜೋರಾದ ಪೆಟ್ಟು ಬಿದ್ದದ್ದು 1963ರ ಜನವರಿಯಲ್ಲಿ. 14 ಕ್ಯಾರೆಟ್‌ಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡಬಾರದೆಂದು ಕೇಂದ್ರ ಸರ್ಕಾರ ನಿಯಮ ತಂದಿತು. ಆ ಬಂಗಾರ ಗಡಸು. ಹಾಗಲಕಾಯಿಯ ಗಂಟು ಮೂಡಿಸಲು ಬೇಕಾದದ್ದು ಅಚ್ಚಿಗೆ ಒಗ್ಗುವ ಮೆತ್ತನೆಯ ತಗಡು. ದೇಶದ ಉದ್ದಗಲಕ್ಕೆ ಅಕ್ಕಸಾಲಿಗರ ಒಲೆ ಆರಿತು. ಆ ನಿಷೇಧ ಕೆಲವೇ ವರ್ಷಗಳಲ್ಲಿ ಸಡಿಲಾದರೂ 1968ರ ಬಂಗಾರ ನಿಯಂತ್ರಣ ಕಾಯ್ದೆ 1990ರವರೆಗೆ ಇತ್ತು. ಅಷ್ಟರಲ್ಲಿ ಎಷ್ಟೋ ಪತ್ತಾರರ ಮಕ್ಕಳು ಬೇರೆ ದಾರಿ ಹಿಡಿದಿದ್ದರು. ಗಡಿಯಾಚೆಯ ಹುಪರಿ ಮಾತ್ರ ಬೆಳ್ಳಿ ಹಿಡಿದು ಬೆಳೆಯಿತು. ಅಲ್ಲಿ ಕಾಲ್ಗೆಜ್ಜೆ ಮನೆಮನೆಯ ಕೆಲಸ: ಒಬ್ಬರು ತಂತಿ ಎಳೆದರೆ ಇನ್ನೊಬ್ಬರು ಕೊಂಡಿ ಹಾಕುತ್ತಾರೆ, ಮತ್ತೊಬ್ಬರು ಬೆಸೆದು ಹೊಳಪು ಕೊಡುತ್ತಾರೆ.

ಈಗ ಸಾಜಿನ ಪದಕ ಯಂತ್ರದ ಅಚ್ಚಿನಲ್ಲಿ ಬೀಳುತ್ತದೆ. ಅರಗು ತುಂಬಿದ ಮಣಿಯನ್ನು ಮಾರುವಾಗ ಅರಗಿನ ತೂಕ ಕಳೆಯುತ್ತಾರೆಂದು ಕೊಳ್ಳುವವರೂ ಹಿಂಜರಿಯುತ್ತಾರೆ. ಘಟಪ್ರಭೆಯ ಕಾಲುವೆ, ಕೃಷ್ಣೆಯ ನೀರು ಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಇಷ್ಟು ಕಬ್ಬು ಬೆಳೆಯುವ ಸೀಮೆಯಲ್ಲಿ ಕಬ್ಬಿನ ಗಣ್ಣನ್ನು ನೋಡಿ ಮಾಡಿದ ಒಂದು ಸರವನ್ನೂ ನಾನು ಕಂಡಿಲ್ಲ. ಹೊಲ ನೋಡಿ ಹೊಸ ಅಚ್ಚು ಕೆತ್ತುವವರು ಕಡಿಮೆಯಾದದ್ದೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ.

ಆದರೆ ಕಬ್ಬಿನ ಸಕ್ಕರೆ ಬೇರೆ ದಾರಿಯಿಂದ ಕೊರಳಿಗೆ ಬಂದಿದೆ. ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ, ಕೂಸಿಗೆ ಕರಿ ಎರೆಯುವ ದಿನಕ್ಕೆ ಕುಸುರೆಳ್ಳಿನ ಒಡವೆ ತೊಡಿಸುತ್ತಾರೆ. ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿಹನಿ ಪಾಕ ಹಾಕುತ್ತ, ಕೈಯಾಡಿಸುತ್ತ ಹೋದರೆ ಬಿಳಿ ಮುಳ್ಳು ಮೂಡುತ್ತದೆ. ಅದನ್ನು ಪೋಣಿಸಿ, ಅಂಟಿಸಿ ಠುಸಿ, ವಂಕಿ, ಬಾಜುಬಂದಿ ಮಾಡುತ್ತಾರೆ. ಕರಿ ಸೀರೆಯ ಮೇಲೆ ಆ ಬಿಳುಪು ಎದ್ದು ಕಾಣುತ್ತದೆ. ಕೂಸಿಗೆ ಕೃಷ್ಣನ ಕಿರೀಟ, ಕೊಳಲು. ಅಳಿಯನಿಗೆ ಹಾರ, ಕೈಗಡಿಯಾರ ಕೂಡ. ಮಾಡುವವರು ಮನೆಯ ಹೆಂಗಸರು, ಹೊಸ ಮಾದರಿ ಹುಡುಕುವವರೂ ಅವರೇ. ಜನವರಿಗೆ ಬೇಕಾದರೆ ಅವರಿಗೆ ಡಿಸೆಂಬರಿನಲ್ಲೇ ಹೇಳಿಡಬೇಕು. ಕುಸುರು ಚೆನ್ನಾಗಿ ಮೂಡಲು ಚಳಿ ಬೇಕು, ಕೈಯಾಡಿಸುವುದೂ ನಿಲ್ಲಬಾರದು.